ಲಕ್ಷದ್ವೀಪಕ್ಕೆ ಹೋಗುವ ಆಸೆ. ಅಲ್ಲಿಯವರಿಗೆ ಹೊರೆಯಾಗದ ಹಾಗೆ ಹೋಗಿ ಬರುವುದು ಹೇಗೆ?

ತೋಟದಮನೆ, ಕಕ್ಕಬೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನಮ್ಮದು ಕೊಡಗಿನ ಕಕ್ಕಬೆ ಹತ್ತಿರ ಸಣ್ಣ ತೋಟ. 6 ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಕರಿಮೆಣಸು ಹಬ್ಬಿಸಿದ್ದೇವೆ. ಮನೆಯ ಹಿಂದಿನ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿ 11 ವರ್ಷ ಆಯಿತು. ಈ 11 ವರ್ಷದಲ್ಲಿ ಮನೆಮಂದಿ ಎಲ್ಲ ಒಟ್ಟಿಗೆ ಎಲ್ಲಿಗೂ ಹೋಗಿಲ್ಲ. ಬೇರೆಯವರಿಗೆ ರಜೆ ಅಂದರೆ ನಮಗೆ ಕೆಲಸ ಅಲ್ವಾ.

ಈ ಸಲ ಮಗಳು ಹಟ ಹಿಡಿದಿದ್ದಾಳೆ. 7ನೇ ಕ್ಲಾಸು. ಪಾಠದಲ್ಲಿ ಹವಳದ ದಿಬ್ಬದ ಚಿತ್ರ ನೋಡಿದ ದಿನದಿಂದ ಅದೇ ಮಾತು. ನಾನು, ಯಜಮಾನರು, ಮಗಳು, 9 ವರ್ಷದ ಮಗ, ನಮ್ಮತ್ತೆ, ಒಟ್ಟು ಐದು ಜನ. ಕೊಯ್ಲು ಮುಗಿದು, ಹೂಮಳೆ (ಕಾಫಿ ಗಿಡದ ಬಿಳಿ ಹೂ ಅರಳಿಸುವ ಬೇಸಿಗೆಯ ಮಳೆ) ಬಂದು, ಮಕ್ಕಳ ಪರೀಕ್ಷೆಯೂ ಆದ ಮೇಲೆ ಏಪ್ರಿಲ್ ಮೊದಲ ವಾರ ಲಕ್ಷದ್ವೀಪಕ್ಕೆ ಹೊರಡುವ ಯೋಚನೆ.

ಟಿಕೆಟ್ಟು, ಪರ್ಮಿಟ್ಟು ಯಜಮಾನರು ನೋಡಿಕೊಳ್ಳುತ್ತಾರೆ. ನಾನು ಕೇಳಬೇಕಾದ್ದು ಬೇರೆ.

ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಎಂಟು ಜನರ ಒಂದು ಕುಟುಂಬ ನಮ್ಮಲ್ಲಿ ಉಳಿದಿತ್ತು. ಹೂಮಳೆ ಇನ್ನೂ ಬಿದ್ದಿರಲಿಲ್ಲ. ಬಾವಿಯಲ್ಲಿ ತಳದ ಕಲ್ಲು ಕಾಣಿಸುತ್ತಿತ್ತು. ಅವರು ಅಂಗಳದಲ್ಲಿ ಗಾಳಿ ತುಂಬಿಸುವ ಟಬ್ ಇಟ್ಟು ಮಕ್ಕಳಿಗೆ ಆಡಲು ನೀರು ತುಂಬಿಸಿದರು. ಸಂಜೆ ಮಗುಚಿ, ಮರುದಿನ ಮತ್ತೆ ತುಂಬಿಸಿದರು. ಆ ರಾತ್ರಿ ಮೋಟಾರು ಬರೀ ಗಾಳಿ ಎಳೆಯಿತು. ಬೆಳಗ್ಗೆ ನಮ್ಮ ಲೈನ್‌ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಹೆಂಗಸರು ಕೊಡ ಹಿಡಿದು ತೋಡಿಗೆ ಇಳಿದರು. ಆ ಕುಟುಂಬದವರು ಕೆಟ್ಟವರಲ್ಲ. ಹೊರಡುವಾಗ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಅವರಿಗೆ ಗೊತ್ತಿರಲಿಲ್ಲ. ದುಡ್ಡು ಕೊಟ್ಟು ಬಂದವರಿಗೆ ಹೇಗೆ ಹೇಳುವುದು ಅಂತ ನಾನೂ ಹೇಳಲಿಲ್ಲ.

ಇನ್ನೊಂದು ಇದಕ್ಕಿಂತ ನೋವಿನದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡ ಕುಸಿದು ಎಷ್ಟೋ ಮನೆ ಹೋದವು. ಮಳೆ ನಿಂತು ಮತ್ತೆ ಜನ ಬರತೊಡಗಿದಾಗ ಒಬ್ಬರು ಊಟಕ್ಕೆ ಕೂತಲ್ಲೇ ಕೇಳಿದರು, ಮನೆ ಕೊಚ್ಚಿಹೋದ ಜಾಗ ನೋಡೋಕೆ ಜೀಪು ಸಿಗುತ್ತಾ ಅಂತ. ಬಡಿಸುತ್ತಿದ್ದ ನನ್ನ ಕೈ ನಡುಗಿತು. ಹೋದ ಮನೆಗಳಲ್ಲಿ ಒಂದು ನನ್ನ ಚಿಕ್ಕಮ್ಮನದು.

ನಾಳೆ ನಾವು ಐದು ಜನ ಇನ್ನೊಬ್ಬರ ಊರಿಗೆ ಹೋಗುತ್ತೇವೆ. ಅಲ್ಲಿ ಯಾರದೋ ಕೈ ನಮ್ಮಿಂದ ನಡುಗಬಾರದು. ನಮಗೆ ಗೊತ್ತಿಲ್ಲದೆ ಏನು ತಪ್ಪು ಮಾಡುತ್ತೇವೆ, ಅದನ್ನು ಹೊರಡುವ ಮೊದಲೇ ಹೇಳಿಕೊಡಿ. ನೀರಿನ ಕತೆ ಏನು? ಹವಳ ನೋಡೋಕೆ ಇಳಿದರೆ ಅದಕ್ಕೆ ಪೆಟ್ಟಾಗುತ್ತಾ? ನಮ್ಮ ದುಡ್ಡು ಅಲ್ಲಿನ ಜನರ ಕೈಗೆ ಸೇರೋದು ಹೇಗೆ? ಹೋಗೋದೇ ತಪ್ಪು ಅನ್ನಿಸಿದರೆ ಅದನ್ನೂ ನೇರವಾಗಿ ಹೇಳಿ, ಬೇಜಾರಿಲ್ಲ.

ಬಂದರಿನವ, ಮಂಗಳೂರು

ಅಕ್ಕ, ನಮ್ಮಪ್ಪ ಮಂಗಳೂರಿನ ಹಳೇ ಬಂದರಿನಲ್ಲಿ ಮಂಜಿಗಳಿಗೆ ಸಾಮಾನು ತುಂಬಿಸುವ ಲೆಕ್ಕ ಬರೆಯುತ್ತಿದ್ದರು. ಮಂಜಿ ಅಂದರೆ ಮರದ ದೊಡ್ಡ ಸರಕು ದೋಣಿ. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ, ಎಲ್ಲ ಇಲ್ಲಿಂದ ದ್ವೀಪಕ್ಕೆ ಹೋಗುತ್ತದೆ. 1956ರವರೆಗೆ ಉತ್ತರದ ಕೆಲವು ದ್ವೀಪಗಳು ನಮ್ಮ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು, ಹಾಗಾಗಿ ನಂಟು ಹಳೆಯದು. ನಾನು ಕವರತ್ತಿಗೂ ಅಗತ್ತಿಗೂ ಕೆಲವು ಸಲ ಹೋಗಿದ್ದೇನೆ.

ಮೊದಲು ಅಳತೆ ತಿಳಿದುಕೊಳ್ಳಿ. 36 ದ್ವೀಪ, ಜನ ಇರುವುದು 10ರಲ್ಲಿ. ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರು. ನಿಮ್ಮ ಕೊಡಗು 4,102. ಕೊಡಗಿನಲ್ಲಿ 2011ರ ಜನಗಣತಿಯ ಲೆಕ್ಕಕ್ಕೆ ಚದರ ಕಿಲೋಮೀಟರಿಗೆ 135 ಜನ, ಅಲ್ಲಿ 2,000ಕ್ಕಿಂತ ಜಾಸ್ತಿ. ಅಲ್ಲಿ ಗುಡ್ಡ ಇಲ್ಲ, ಹೊಳೆ ಇಲ್ಲ, ಕೆರೆ ಇಲ್ಲ. ಹವಳದ ಮರಳಿನ ಮೇಲೆ ತೆಂಗಿನ ತೋಟ, ತೋಟದ ಮಧ್ಯೆ ಮನೆ, ಅಷ್ಟೆ.

ನೀರಿನ ವಿಷಯ ಕೇಳಿದಿರಿ, ಅದನ್ನೇ ಸರಿಯಾಗಿ ಹೇಳುತ್ತೇನೆ. ಮಳೆನೀರು ಮರಳಿನಲ್ಲಿ ಇಂಗಿ ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೆ. ತೆಳ್ಳನೆಯ ಪದರ ಅದು. ಬಾವಿಯಿಂದ ನಿಧಾನವಾಗಿ ಸೇದಿದರೆ ಸಿಹಿನೀರೇ ಬರುತ್ತದೆ. ಮೋಟಾರು ಹಾಕಿ ಒಂದೇ ಸಮನೆ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ನಿಮ್ಮ ಬಾವಿ ಬತ್ತಿದರೂ ಮಳೆಗೆ ಮತ್ತೆ ತುಂಬುತ್ತದೆ. ಅಲ್ಲಿ ಒಮ್ಮೆ ಉಪ್ಪಾದ ಬಾವಿ ಬೇಗ ಸರಿಹೋಗುವುದಿಲ್ಲ. ಮನೆಗಳ ಶೌಚದ ಗುಂಡಿಯ ನೀರು ಇಳಿಯುವುದೂ ಅದೇ ಮರಳಿಗೆ.

ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ಮೇಲಿನ ಬೆಚ್ಚನೆ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎಳೆದ ತಣ್ಣೀರಿನಲ್ಲಿ ಆ ಆವಿಯನ್ನು ತಂಪು ಮಾಡುತ್ತಾರೆ. ದಿನಕ್ಕೆ 1 ಲಕ್ಷ ಲೀಟರು ಅಂತ ಕಟ್ಟಿದ್ದು. ಊರಿನ ಜನ ಸುಮಾರು 11,000. ಒಬ್ಬರಿಗೆ 9 ಲೀಟರು ಬಂತು. ಆಮೇಲೆ ಬೇರೆ ದ್ವೀಪಗಳಲ್ಲೂ ಇಂಥ ಘಟಕ ಬಂದಿವೆ, ಆದರೂ ನೀರು ಅಂದರೆ ಅಲ್ಲಿ ಅಳೆದು ಬಳಸುವ ವಸ್ತುವೇ. ಶವರ್ ಮುಟ್ಟಬೇಡಿ, ಬಕೆಟ್ಟಿನಲ್ಲಿ ಸ್ನಾನ ಮಾಡಿ. ಬಟ್ಟೆ ಒಗೆಯುವುದು ಊರಿಗೆ ಬಂದ ಮೇಲೆ ಆಗಲಿ.

ಎಸಿ ಕೋಣೆ ಕೇಳಬೇಡಿ. ಕರೆಂಟಿನ ಹೆಚ್ಚಿನ ಪಾಲು ಡೀಸೆಲ್ ಜನರೇಟರಿನದು, ಆ ಡೀಸೆಲ್ಲೂ ಹಡಗಿನಲ್ಲೇ ಬರಬೇಕು.

ಇನ್ನು ಕಸ. ದ್ವೀಪದಲ್ಲಿ ಎಸೆದದ್ದಕ್ಕೆ ಎರಡೇ ದಾರಿ. ಹಡಗು ಹತ್ತಿ ವಾಪಸ್ ಬರಬೇಕು, ಇಲ್ಲ ಅಲ್ಲೇ ಮರಳಿನಲ್ಲಿ ಉಳಿಯಬೇಕು. ಬಿಸ್ಕತ್ತಿನ ಪ್ಯಾಕೆಟ್ಟು, ಶಾಂಪೂ ಸ್ಯಾಶೆ, ಪ್ಯಾಡು, ಬ್ಯಾಟರಿ, ಏನು ಒಯ್ದರೂ ತಿರುಗಿ ಬ್ಯಾಗಿಗೇ ಹಾಕಿಕೊಂಡು ಬನ್ನಿ. ಅದಕ್ಕಿಂತ ಒಳ್ಳೆಯದು, ಹೊರಡುವಾಗಲೇ ಮನೆಯಲ್ಲಿ ಪ್ಯಾಕೆಟ್ಟು ಬಿಚ್ಚಿ ತಿಂಡಿಯನ್ನೆಲ್ಲ ಡಬ್ಬಿಗೆ ತುಂಬಿಸಿ.

ಹೋಗುವ ದಾರಿ: ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಗೋ ಕಣ್ಣೂರಿಗೋ ಬಸ್ಸು, ಅಲ್ಲಿಂದ ಎರ್ನಾಕುಲಂಗೆ ರೈಲು, ಕೊಚ್ಚಿಯಿಂದ ಹಡಗು. ಹಡಗಿಗೆ ದ್ವೀಪ ನೋಡಿಕೊಂಡು 14ರಿಂದ 18 ಗಂಟೆ. ಒಂದು ಮಾತು ನೆನಪಿರಲಿ. ದ್ವೀಪದವರು ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ ಇದೇ ಹಡಗಿನಲ್ಲಿ ಕೊಚ್ಚಿಗೆ ಬರಬೇಕು. ಟಿಕೆಟ್ಟು ಅವರಿಗೇ ಸಾಲದೆ ಹೋಗುವುದುಂಟು. ಈದ್ ಹಬ್ಬದ ಹಿಂದುಮುಂದಿನ ವಾರ ಮಾತ್ರ ಹೊರಡಬೇಡಿ. ಮಕ್ಕಳು ಹಬ್ಬಕ್ಕೆ ಮನೆಗೆ ಬರುವ ಸಮಯ ಅದು.

ತೋಟದಮನೆ, ಕಕ್ಕಬೆ

ಅಣ್ಣ, ಒಬ್ಬರಿಗೆ 9 ಲೀಟರು ಅಂತ ಓದಿ ಮಗಳು ಅಡುಗೆಮನೆಯಿಂದ ಕೊಡ ತಂದು ಅಳೆದಳು. ನಮ್ಮ ಹಿತ್ತಾಳೆ ಕೊಡ ತುಂಬಲಿಲ್ಲ. ಅತ್ತೆ ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತರು.

ಹವಳದ ಬಗ್ಗೆ ಗೊತ್ತಿದ್ದವರು ಹೇಳಿ. ಮಕ್ಕಳಿಗೆ ಈಜು ಅಷ್ಟಕ್ಕಷ್ಟೆ. ಮಗ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಇಳಿಯುವುದು) ಮಾಡ್ತೀನಿ ಅಂತ ಕುಣಿಯುತ್ತಿದ್ದಾನೆ.

ನೀರಡಿ

ನಾನೂ ಕೊಡಗಿನವನೇ ಅಕ್ಕ, ಪೊನ್ನಂಪೇಟೆ. ಡೈವಿಂಗ್ ಕಲಿಸುವ ಕೆಲಸ. ಕೆಲವು ವರ್ಷ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ, ಆಮೇಲೆ ನಾಲ್ಕು ಸೀಸನ್ ಲಕ್ಷದ್ವೀಪದಲ್ಲಿ ಇದ್ದೆ.

ಏಪ್ರಿಲ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹವಳ ಅಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಅವುಗಳ ಮೈಯೊಳಗೆ ಒಂದು ಬಗೆಯ ಪಾಚಿ ಇರುತ್ತದೆ. ಬಣ್ಣ ಅದರದ್ದು, ಊಟದ ದೊಡ್ಡ ಪಾಲೂ ಅದೇ ಕೊಡುತ್ತದೆ. ಸಮುದ್ರದ ನೀರು ಬೇಸಿಗೆಯ ವಾಡಿಕೆಗಿಂತ 1 ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಬೆಳ್ಳಗಾಗುತ್ತದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಗಿತ್ತು. 2024ರಲ್ಲಿ ಮತ್ತೆ ಆಯಿತು, ಆಗ ನಾನು ಅಲ್ಲೇ ಇದ್ದೆ. ಹೂಮಳೆ ಬಿದ್ದು ಒಂಬತ್ತನೇ ದಿನ ಬೆಳಗ್ಗೆ ನಮ್ಮ ಕಾಫಿ ತೋಟ ಹೇಗಿರುತ್ತದೆ? ನೀರಿನಡಿ ಹಾಗೇ ಇತ್ತು, ಕಣ್ಣು ಹಾಯಿಸಿದಷ್ಟು ದೂರ ಬಿಳಿ. ಚಿಕ್ಕಂದಿನಿಂದ ಆ ಬಿಳಿ ನೋಡಿದರೆ ನನಗೆ ಖುಷಿ. ಆ ದಿನ ಮೇಲೆ ಬಂದು ಮುಖವಾಡ ತೆಗೆದು ದೋಣಿಯಲ್ಲಿ ಅತ್ತುಬಿಟ್ಟೆ.

ಏಪ್ರಿಲ್, ಮೇ ಅಲ್ಲಿ ನೀರು ತುಂಬಾ ಕಾಯುವ ತಿಂಗಳು. ಹವಳ ಒದ್ದಾಡುವ ಹೊತ್ತಿಗೆ ನಾವೂ ಹೋಗಿ ತುಳಿಯುವುದು ಬೇಡ. ಮಳೆಗಾಲ ಕಳೆದು ಅಕ್ಟೋಬರ್‌ನಲ್ಲಿ ಸಮುದ್ರ ಶಾಂತವಾಗುತ್ತದೆ. ನಿಮ್ಮದು ರೊಬಸ್ಟಾ, ಕೊಯ್ಲು ಜನವರಿಗೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿಸಿ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮೊದಲು ಹೊರಟರೆ ನಿಮಗೂ ಅನುಕೂಲ ಅಲ್ವಾ?

ಮಕ್ಕಳಿಗೆ ಈಗಿನಿಂದಲೇ ಈಜು ಕಲಿಸಿ. ನೀರಿನಲ್ಲಿ ಹೆದರಿದವರು ಕಾಲೂರಲು ಜಾಗ ಹುಡುಕುತ್ತಾರೆ, ಕಾಲಡಿ ಸಿಗುವುದು ಹವಳ. ಕೊಂಬೆ ಹವಳ ವರ್ಷಕ್ಕೆ ಒಂದು ಗೇಣಿನಷ್ಟೂ ಬೆಳೆಯುವುದಿಲ್ಲ. ಗುಂಡು ಹವಳ ಬೆಳೆಯುವುದು ಬೆರಳಿನ ಅಗಲ, ಅಷ್ಟೇ. ಮನೆಯ ಗಡಿಗೆಯಷ್ಟು ದಪ್ಪದ್ದು ನಿಮ್ಮ ಅತ್ತೆಯ ಮದುವೆಗಿಂತ ಹಳೆಯದಿರಬಹುದು. ಒಂದು ಕಾಲು ತಾಗಿದರೆ ಮುಗಿಯಿತು. ಸ್ಕೂಬಾಕ್ಕೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು, ಮಗನಿಗೆ ಈ ಸಲ ಬೇಡ. ತೇಲುವ ಜಾಕೆಟ್ಟು ಹಾಕಿ, ಮುಖವಾಡ ಕೊಟ್ಟು, ಮೇಲೆ ತೇಲುತ್ತಾ ನೋಡಲಿ. ಲಗೂನ್ ಅಂದರೆ ಹವಳದ ದಂಡೆಯ ಒಳಗಿನ ತಿಳಿನೀರು. ಅಲ್ಲಿ ಮೇಲಿನಿಂದಲೇ ಎಲ್ಲ ಕಾಣುತ್ತದೆ.

ಬಿಸಿಲಿಗೆ ಹಚ್ಚುವ ಕ್ರೀಮಿನ ಬಗ್ಗೆ ಯಾರೂ ಹೇಳಿಲ್ಲ. ಅವುಗಳಲ್ಲಿ ಕೆಲವಕ್ಕೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಹವಳಕ್ಕೆ ಕೆಡುಕು ಅಂತ ಪಲಾವ್ ದೇಶ 2020ರಿಂದ, ಹವಾಯಿ ರಾಜ್ಯ 2021ರಿಂದ ಇಂಥವನ್ನು ನಿಷೇಧಿಸಿವೆ. ಉದ್ದ ತೋಳಿನ ಈಜು ಅಂಗಿ ಹೊಲಿಸಿ ಅಥವಾ ಕೊಳ್ಳಿ, ಕ್ರೀಮು ಮುಖಕ್ಕೆ ಮಾತ್ರ ಸಾಕಾಗುತ್ತದೆ. ಅದೂ ಸತುವಿನ ಭಸ್ಮದ್ದು, ಜಿಂಕ್ ಆಕ್ಸೈಡ್ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ.

ಚಿಪ್ಪು, ಸತ್ತ ಹವಳದ ತುಂಡು, ಏನನ್ನೂ ಹೆಕ್ಕಬೇಡಿ. ಹವಳ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಮಕ್ಕಳಿಗೆ ಈ ಮಾತು ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ಊಟಕ್ಕೆ ಟ್ಯೂನಾ ಕೇಳಿ. ಅಲ್ಲಿನವರು ಬಲೆ ಬೀಸಿ ಬಾಚುವುದಿಲ್ಲ. ಸಣ್ಣ ಮೀನು ಎರಚಿ, ಟ್ಯೂನಾ ಮೇಲೆ ಬಂದಾಗ ಗಳಕ್ಕೆ ಕಟ್ಟಿದ ಗಾಳದಲ್ಲಿ ಒಂದೊಂದಾಗಿ ಎಳೆದು ಹಾಕುತ್ತಾರೆ. ಬೇಡದ ಮೀನು, ಆಮೆ ಸಾಯುವುದಿಲ್ಲ. ಹವಳದ ನಡುವಿನ ಮೀನು ಮಾತ್ರ ಬೇಡ ಅನ್ನಿ. ಅದರಲ್ಲೂ ಗಿಳಿಮೀನು. ಅದರ ಬಾಯಿ ಗಿಳಿಯ ಕೊಕ್ಕಿನ ಹಾಗೆ. ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದು ಹೊಸ ಹವಳ ಕೂರಲು ಜಾಗ ಮಾಡಿಕೊಡುತ್ತದೆ. ಅಗಿದ ಸುಣ್ಣ ಅದರ ಹೊಟ್ಟೆಯಿಂದ ಬಿಳಿ ಮರಳಾಗಿ ಬೀಳುತ್ತದೆ. ನೀವು ನಡೆಯುವ ದಡದಲ್ಲಿ ಆ ಮರಳೂ ಇದೆ.

ಮೇಷ್ಟ್ರು, ಸುಂಟಿಕೊಪ್ಪ

ತಂಗಿ, ಹೋಗುವುದೇ ತಪ್ಪಾ ಅಂತ ಕೇಳಿದ್ದೀಯ. ಆ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೇನೆ.

2018ರಲ್ಲಿ ನಮ್ಮ ಕಡೆಯವರು ಪರಿಹಾರ ಕೇಂದ್ರದಲ್ಲಿ ಮಲಗುತ್ತಿದ್ದ ದಿನಗಳಲ್ಲಿ ಜಿಲ್ಲೆಗೆ ಪ್ರವಾಸಿಗರು ಬರುವುದು ನಿಂತಿತ್ತು. ಅದು ಬೇಕಾಗಿತ್ತು. ಆದರೆ ರಸ್ತೆ ಸರಿಯಾದ ಮೇಲೂ ಎಷ್ಟೋ ದಿನ ಜನ ಬರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋಟೆಲಿನಲ್ಲಿ ಅಡುಗೆಗಿದ್ದ. ಮನೆಯ ಗೋಡೆಯೂ ಬಿದ್ದಿತ್ತು, ಸಂಬಳವೂ ನಿಂತಿತ್ತು. ಯಾರಾದರೂ ಬಂದು ಎರಡು ದಿನ ಉಳಿದು ಊಟ ಮಾಡಿ ಹೋಗಲಿ ಅಂತ ಕಾಯುತ್ತಿದ್ದ. ಬಂದವರು ಹೇಗೆ ನಡೆದುಕೊಂಡರು ಅನ್ನುವುದರ ಮೇಲೆ ನಾವು ಸಿಟ್ಟಾಗುತ್ತೇವೆ. ಬಂದದ್ದಕ್ಕೇ ಸಿಟ್ಟಾಗಿಲ್ಲ. ದ್ವೀಪದವರೂ ಮನುಷ್ಯರೇ ಅಲ್ಲವೇ.

ಹಾಗಾಗಿ ಹೋಗು. ಆದರೆ ಉಳಿಯುವುದು ದ್ವೀಪದ ಕುಟುಂಬದವರೇ ನಡೆಸುವ ಮನೆಯಲ್ಲಿ ಇರಲಿ. ನಾನು ನಿವೃತ್ತನಾದ ವರ್ಷ ಹಡಗಿನ ಪ್ಯಾಕೇಜಿನಲ್ಲಿ ಹೋಗಿದ್ದೆ. ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ದ್ವೀಪಕ್ಕೆ ಇಳಿಯುವುದು. ದ್ವೀಪದ ನೀರು ನಾವು ಮುಟ್ಟಲಿಲ್ಲ, ಅದು ಒಳ್ಳೆಯದೇ. ಆದರೆ ಐದು ದಿನದಲ್ಲಿ ಒಬ್ಬ ದ್ವೀಪದವನ ಹೆಸರೂ ನನಗೆ ತಿಳಿಯಲಿಲ್ಲ. ನನ್ನ ದುಡ್ಡಿನಲ್ಲಿ ಅವರ ಕೈಗೆ ಹೋದದ್ದು ಎರಡು ಎಳನೀರಿನ ಬೆಲೆ. ಬಂದರಿನವರು ಇದಕ್ಕೆ ಒಪ್ಪಲಿಕ್ಕಿಲ್ಲ, ನನ್ನ ಅನುಭವ ಇಷ್ಟು.

ಬಂಗಾರಂ ದ್ವೀಪ ಬಿಟ್ಟರೆ ಎಲ್ಲೂ ಮದ್ಯ ಇಲ್ಲ, ಒಯ್ಯುವ ಹಾಗೂ ಇಲ್ಲ. ಊರೊಳಗೆ ಮೈ ತುಂಬ ಬಟ್ಟೆ ಇರಲಿ. ಹೆಂಗಸರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ. ನಿನಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಓದುವ ಬೇರೆಯವರಿಗೆ ಬರೆದೆ.

ಬಂದರಿನವ, ಮಂಗಳೂರು

ಮೇಷ್ಟ್ರೇ, ಒಪ್ಪುತ್ತೇನೆ. ಮನೆಯವರ ಜತೆ ಉಳಿದರೆ ನೀರು ಎಷ್ಟಿದೆ ಅಂತ ಅವರೇ ಹೇಳುತ್ತಾರೆ. ಹಡಗಿನಲ್ಲಿ ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಒಂದೇ ದ್ವೀಪ ಆರಿಸಿಕೊಳ್ಳಿ ಅಕ್ಕ, ಐದಾರು ದಿನ ಅಲ್ಲೇ ಇರಿ. ಮೂರು ದ್ವೀಪ ಸುತ್ತಲು ಹೋದರೆ ದೋಣಿಯ ಡೀಸೆಲ್ಲೂ ಜಾಸ್ತಿ, ಸುಸ್ತೂ ಜಾಸ್ತಿ.

ತೋಟದಮನೆ, ಕಕ್ಕಬೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಮಾತು ಓದಿ ಮನಸ್ಸು ಹಗುರಾಯಿತು.

ಏಪ್ರಿಲ್ ಬಿಟ್ಟೆವು. ಮಗಳು ಮೊದಲು ಮುಖ ಊದಿಸಿಕೊಂಡಳು. ಹೂಮಳೆಯ ತೋಟದ ಹೋಲಿಕೆ ಓದಿ ತೋರಿಸಿದೆ, ಆಮೇಲೆ ಅವಳೇ ಅಕ್ಟೋಬರ್ ಅಂತ ಕ್ಯಾಲೆಂಡರಿನಲ್ಲಿ ಬರೆದಳು. ಕಾವೇರಿ ಸಂಕ್ರಮಣ ಮುಗಿಸಿಯೇ ಹೊರಡುತ್ತೇವೆ, ಅತ್ತೆ ಅದನ್ನು ಬಿಟ್ಟು ಬರುವವರಲ್ಲ. ಶಾಲೆಗೆ ನಾಲ್ಕು ದಿನ ರಜೆ ಕೇಳಬೇಕು. ಮೈಸೂರಿನಲ್ಲಿ ನನ್ನ ತಮ್ಮನ ಮನೆ ಇದೆ, ಬೇಸಿಗೆ ರಜೆಯಲ್ಲಿ ಇಬ್ಬರೂ ಅಲ್ಲಿದ್ದು ಈಜು ಕಲಿಯಲಿ. ಒಂದೇ ದ್ವೀಪ, ಮನೆಯವರ ಜತೆ ಉಳಿಯುವುದು, ಫ್ಯಾನ್ ಕೋಣೆ.

ನಮ್ಮ ಹೋಂಸ್ಟೇಯ ಬಚ್ಚಲುಮನೆಗಳಲ್ಲಿ ನಿನ್ನೆ ಒಂದೊಂದು ಹಲಗೆ ಹಾಕಿದೆವು. "ಫೆಬ್ರವರಿಯಿಂದ ಮಳೆ ಬರುವವರೆಗೆ ನಮ್ಮ ಬಾವಿಯಲ್ಲಿ ನೀರು ಕಡಿಮೆ. ಇದೇ ನೀರನ್ನು ಇನ್ನೂ ನಾಲ್ಕು ಮನೆ ಕುಡಿಯುತ್ತವೆ" ಅಂತ. ಮಗಳ ಅಕ್ಷರ. ಕೆಳಗೆ ಒಂದು ಕೊಡದ ಚಿತ್ರ ಬರೆದಿದ್ದಾಳೆ.

ಇನ್ನೊಂದು ಕೇಳುವುದಿತ್ತು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಬಾರದು ಅಂತ ಅತ್ತೆ ಹೇಳುತ್ತಿದ್ದಾರೆ. ನಮ್ಮ ಕಾಫಿಪುಡಿ, ಕರಿಮೆಣಸು ಕೊಡಬಹುದಾ? ಅತ್ತೆಗೆ ಎರಡು ಮೆಣಸಿನ ಬಳ್ಳಿಯನ್ನೂ ಬೇರು ಸಮೇತ ಒಯ್ಯುವ ಆಸೆ. ತೆಂಗಿನ ಮರಕ್ಕೆ ಹಬ್ಬಿಸಬಹುದು ಅಂತ.

ಬಂದರಿನವ, ಮಂಗಳೂರು

ಪುಡಿಯನ್ನೂ ಕಾಳನ್ನೂ ಖಂಡಿತ ಒಯ್ಯಿರಿ ಅಕ್ಕ, ಖುಷಿಪಡುತ್ತಾರೆ. ಪ್ಲಾಸ್ಟಿಕ್ ಬೇಡ, ಸ್ಟೀಲ್ ಡಬ್ಬಿಯಲ್ಲಿ ಕೊಡಿ. ಬರುವಾಗ ಅದೇ ಡಬ್ಬಿಯಲ್ಲಿ ಅವರ ತೆಂಗಿನ ನೀರಾ ಬೆಲ್ಲ ತುಂಬಿಸಿಕೊಂಡು ಬನ್ನಿ. ಒಣಗಿಸಿದ ಟ್ಯೂನಾನೂ ಸಿಗುತ್ತದೆ, ಅವರು ಮಾಸ್ ಅನ್ನುತ್ತಾರೆ. ಹಣ ನೇರ ಮಾಡಿದವರ ಕೈಗೇ ಹೋಗುತ್ತದೆ.

ಬಳ್ಳಿ ಮಾತ್ರ ಬೇಡ. ಬೇರಿನ ಮಣ್ಣಿನಲ್ಲಿ ಹುಳ, ಮೊಟ್ಟೆ, ರೋಗ ಏನು ಹೋಗುತ್ತದೋ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳ ತೋಟಗಳನ್ನು ಹೇಗೆ ಕಾಡಿತು ಅಂತ ಅತ್ತೆಯವರಿಗೆ ಗೊತ್ತಿರಬೇಕು. ಅಲ್ಲಿರುವುದು ತೆಂಗು ಒಂದೇ, ಅದಕ್ಕೆ ಏನಾದರೂ ತಗುಲಿದರೆ ಬೇರೆ ಬೆಳೆ ಇಲ್ಲ.

ತೋಟದಮನೆ, ಕಕ್ಕಬೆ

ಹೇಳಿದೆ. ಬಸವನಹುಳ ಅಂದ ಕೂಡಲೇ ಅತ್ತೆ ಒಪ್ಪಿದರು. ಒಪ್ಪಿ, ಎರಡು ಸ್ಟೀಲ್ ಡಬ್ಬಿ ಈಗಲೇ ಅಟ್ಟದಿಂದ ಇಳಿಸಿ ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.